ಟೆಕ್ಸಾಸ್‌ನ ನಮ್ಮ ಕ್ಲಾಸಿನಲ್ಲಿ ಹಿಸ್ಪಾನಿಕ್ ತಿಂಗಳು: ನನ್ನ ಅನುಭವ

ನಾನು ಟೆಕ್ಸಾಸ್‌ನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಟೀಚರ್. ಹುಟ್ಟಿ ಬೆಳೆದದ್ದು ಹಾಸನದ ಕಡೆ. ಮದುವೆಯಾಗಿ ಇಲ್ಲಿಗೆ ಬಂದೆ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಪರೀಕ್ಷೆ ಬರೆದು, ಸರ್ಟಿಫಿಕೇಟ್ ತಗೊಂಡು ಕೆಲಸಕ್ಕೆ ಸೇರಿದೆ. ನನ್ನ ಕ್ಲಾಸಿನಲ್ಲಿ 22 ಮಕ್ಕಳಿದ್ದಾರೆ, ಅದರಲ್ಲಿ 15 ಮಕ್ಕಳ ಮನೆಯಲ್ಲಿ ಸ್ಪ್ಯಾನಿಷ್ ಇದೆ. ಟೆಕ್ಸಾಸ್ ಸರ್ಕಾರಿ ಶಾಲೆಗಳನ್ನೆಲ್ಲ ಸೇರಿಸಿ ನೋಡಿದರೂ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹಿಸ್ಪಾನಿಕ್ ಮನೆಗಳವರೇ, ಅಂದರೆ ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದವರು. ಅಂದಮೇಲೆ ಪ್ರತಿ ವರ್ಷ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಬರುವ ಹಿಸ್ಪಾನಿಕ್ ಪರಂಪರೆಯ ತಿಂಗಳು ನಮಗೆ ಬೇರೆ ಯಾರದೋ ಹಬ್ಬ ಅಲ್ಲ, ಕ್ಲಾಸಿನೊಳಗೆ ಕೂತಿರುವವರದೇ ಹಬ್ಬ.

ಆದರೆ ಮೊದಲ ವರ್ಷ ನಾನು ಅದನ್ನು ಮಾಡಿದ ರೀತಿ ನೆನೆಸಿಕೊಂಡರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಅಂಗಡಿಯಿಂದ ಕಾಗದದ ದೊಡ್ಡ ಟೋಪಿ ತಂದೆ, ಅಂಟಿಸಿಕೊಳ್ಳುವ ಮೀಸೆ ತಂದೆ, ಗೋಡೆಗೆ ಮೆಕ್ಸಿಕೋ ಬಾವುಟ ಹಾಕಿದೆ, ಕೊನೆಯ ದಿನ ಮೆಕ್ಸಿಕೋದ ತಿಂಡಿ ಟಾಕೋ ಕೊಟ್ಟೆ. ಮೂಲೆಯ ಬೆಂಚಿನ ಹುಡುಗಿ ಮೀಸೆಯನ್ನು ಕೈಯಲ್ಲೇ ಹಿಡಿದುಕೊಂಡು, "ಮಿಸ್, ನಾವು ಮೆಕ್ಸಿಕೋದವರಲ್ಲ" ಅಂದಳು. ಅವಳ ಅಪ್ಪ ಅಮ್ಮ ಎಲ್ ಸಾಲ್ವಡೋರ್‌ನವರು. ಅವರ ಮನೆಯಲ್ಲಿ ಮಾಡುವುದು ಪುಪೂಸಾ. ನಾವು ಹೋಳಿಗೆಗೆ ಹೂರಣ ತುಂಬುತ್ತೇವಲ್ಲ, ಹಾಗೆ ಮುಸುಕಿನ ಜೋಳದ ಹಿಟ್ಟಿನೊಳಗೆ ಬೀನ್ಸ್ ಅಥವಾ ಚೀಸ್ ತುಂಬಿ ತಟ್ಟಿ ಬೇಯಿಸುವ ದಪ್ಪ ರೊಟ್ಟಿ. ಕಾಲೇಜಿನಲ್ಲಿದ್ದಾಗ ಉತ್ತರ ಭಾರತಕ್ಕೆ ಟೂರ್ ಹೋಗಿದ್ದೆವು. ಕರ್ನಾಟಕ ಅಂತ ಎಷ್ಟು ಸಲ ಹೇಳಿದರೂ ಅಲ್ಲಿನವರು ನಮ್ಮನ್ನು ಮದ್ರಾಸಿಗಳು ಅಂತಲೇ ಕರೆಯುತ್ತಿದ್ದರು. ಆಗ ಎಷ್ಟು ಉರಿದಿತ್ತು! ಈಗ ಅದನ್ನೇ ಒಂಬತ್ತು ವರ್ಷದ ಮಗುವಿಗೆ ನಾನು ಮಾಡಿದ್ದೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಆಮೇಲೆ ಕೂತು ಓದಲು ಶುರು ಮಾಡಿದೆ. ಈ ತಿಂಗಳು ಸೆಪ್ಟೆಂಬರ್ 15ಕ್ಕೇ ಯಾಕೆ ಶುರುವಾಗುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. 1821ರಲ್ಲಿ ಅದೇ ದಿನ ಗ್ವಾಟೆಮಾಲಾ, ಎಲ್ ಸಾಲ್ವಡೋರ್, ಹೊಂಡುರಾಸ್, ನಿಕರಾಗುವಾ, ಕೋಸ್ಟಾ ರಿಕಾ ಐದೂ ದೇಶ ಸ್ಪೇನ್‌ನಿಂದ ಸ್ವತಂತ್ರವಾದವು. ಮೆಕ್ಸಿಕೋದ ಸ್ವಾತಂತ್ರ್ಯದ ಹಬ್ಬ ಮಾರನೇ ದಿನ, 16. ಚಿಲಿಯದ್ದು 18. ಅಂದರೆ ನನ್ನ ಕ್ಲಾಸಿನ ಆ ಹುಡುಗಿಯ ದೇಶದ ಹಬ್ಬದ ದಿನವೇ ನಾನು ಅವಳ ಕೈಗೆ ಬೇರೆ ದೇಶದ ಹೆಸರಿನ ಮೀಸೆ ಕೊಟ್ಟಿದ್ದೆ.

ಇನ್ನೊಂದು ಸಂಗತಿ ಟೀಚರ್ ಆಗಿ ನನ್ನ ಮನಸ್ಸಿಗೆ ನಾಟಿತು. ಮೊದಲು ಇದು ಒಂದು ವಾರದ ಆಚರಣೆಯಾಗಿತ್ತು. 1968ರಲ್ಲಿ ಅದಕ್ಕೆ ಸಹಿ ಹಾಕಿದವರು ಅಧ್ಯಕ್ಷ ಲಿಂಡನ್ ಜಾನ್ಸನ್. 1988ರಲ್ಲಿ ರೇಗನ್ ಕಾಲದಲ್ಲಿ ಅದು ತಿಂಗಳಾಯಿತು. ಜಾನ್ಸನ್ 1928ರಲ್ಲಿ ಕಾಲೇಜಿಗೆ ದುಡ್ಡು ಸಾಲದೆ ಓದು ನಿಲ್ಲಿಸಿ, ಟೆಕ್ಸಾಸ್‌ನ ಕಟೂಲಾ ಅನ್ನುವ ಸಣ್ಣ ಊರಿನಲ್ಲಿ ಮೆಕ್ಸಿಕನ್ ಮನೆಗಳ ಬಡ ಮಕ್ಕಳಿಗೆ ಮೇಷ್ಟ್ರಾಗಿದ್ದರು. ಅಧ್ಯಕ್ಷರಾದ ಮೇಲೂ ಆ ಮಕ್ಕಳ ವಿಷಯ ಭಾಷಣದಲ್ಲಿ ಹೇಳಿದ್ದಾರೆ.

ಎರಡನೇ ವರ್ಷ ತಯಾರಿಯನ್ನು ಆಗಸ್ಟ್‌ನಲ್ಲೇ ಶುರು ಮಾಡಿದೆ. ಅಂಗಡಿಗೆ ಹೋಗಲಿಲ್ಲ, ಮನೆಗಳಿಗೆ ಕಾಗದ ಬರೆದೆ. ಇಂಗ್ಲಿಷ್‌ನಲ್ಲಿ ಬರೆದು ಫೋನಿನ ಆಪ್‌ನಲ್ಲಿ ಸ್ಪ್ಯಾನಿಷ್ ಮಾಡಿಸಿ, ಕಳಿಸುವ ಮುಂಚೆ ನಮ್ಮ ಆಫೀಸಿನಲ್ಲಿ ಕೆಲಸ ಮಾಡುವ ಅಕ್ಕನಿಗೆ ತೋರಿಸಿದೆ. ಅವರು ಮೊದಲ ಸಾಲು ಓದಿ ಪೆನ್ನು ತೆಗೆದುಕೊಂಡರು. ಆಪ್ ಎಲ್ಲ ಕಡೆ "ತೂ" ಅಂತ ಹಾಕಿತ್ತು. ಅವರು ಒಂದೊಂದನ್ನೂ ಹೊಡೆದು "ಉಸ್ತೆದ್" ಮಾಡುತ್ತಾ ಹೋದರು. ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ, ಅದು ನೀನು, ಇದು ನೀವು! ಮಗುವಿನ ಅಜ್ಜನಿಗೆ "ನೀನು ಬಾ" ಅಂತ ಬರೆದು ಕಳಿಸುವವಳಿದ್ದೆ. ಇಂಗ್ಲಿಷ್‌ನಲ್ಲಿ ಈ ಭೇದವೇ ಇಲ್ಲ, ಹಾಗಾಗಿ ಇಂಗ್ಲಿಷ್ ಮಾತ್ರ ಬಲ್ಲ ಟೀಚರ್‌ಗಳಿಗೆ ಇದು ಹೊಳೆಯುವುದು ಕಷ್ಟ. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಕಾಗದವನ್ನು ಆ ಭಾಷೆಯಲ್ಲಿ ಬದುಕುವ ಒಬ್ಬರಿಗೆ ತೋರಿಸದೆ ಕಳಿಸಬೇಡಿ.

ಕಾಗದದಲ್ಲಿ ಮೂರೇ ಪ್ರಶ್ನೆ ಇದ್ದವು. ನಿಮ್ಮ ಮನೆಯ ಹಿರಿಯರ ಊರು ಯಾವುದು? ಆ ಊರಿನಲ್ಲಿ ಬೆಳಗ್ಗೆ ಎದ್ದ ತಕ್ಷಣ ಕೇಳಿಸುತ್ತಿದ್ದ ಸದ್ದು ಯಾವುದು? ಇಂಗ್ಲಿಷ್‌ಗೆ ಬಾರದ ನಿಮ್ಮ ಒಂದು ಮಾತು ಯಾವುದು? ದೇಶ ಕೇಳಲಿಲ್ಲ, ಊರು ಕೇಳಿದೆ. ಯಾರು ಯಾವಾಗ ಇಲ್ಲಿಗೆ ಬಂದಿರಿ ಅಂತ ಅಪ್ಪಿತಪ್ಪಿಯೂ ಕೇಳಲಿಲ್ಲ. ಕಾಗದಪತ್ರ ಸರಿಯಿಲ್ಲದ ಮನೆಗಳೂ ಇರುತ್ತವೆ, ಶಾಲೆಯಿಂದ ಅಂಥ ಪ್ರಶ್ನೆ ಹೋದರೆ ಭಯಪಡುತ್ತಾರೆ. ಮಗುವಿನ ಬಳಿ ಕಾಗದಪತ್ರ ಇರಲಿ ಬಿಡಲಿ, ಸರ್ಕಾರಿ ಶಾಲೆ ಅದನ್ನು ಹೊರಗಿಡುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಪ್ಲೈಲರ್ ವರ್ಸಸ್ ಡೋ ಅನ್ನುವ ಆ ಕೇಸು ಹೊರಟದ್ದೇ ಟೆಕ್ಸಾಸ್‌ನ ಟೈಲರ್ ಊರಿನಿಂದ. ಆದರೆ ಕೋರ್ಟಿನ ತೀರ್ಪು ಬೇರೆ, ಮನೆಯವರ ಎದೆಯೊಳಗಿನ ಪುಕಪುಕ ಬೇರೆ.

ಉತ್ತರಗಳು ಬರತೊಡಗಿದವು. ಕೋಳಿ ಕೂಗು, ಚರ್ಚಿನ ಗಂಟೆ, ಕತ್ತೆ. ನಾಲ್ಕು ಮನೆಯವರು "ಮೊಲೀನೊ" ಅಂತ ಬರೆದಿದ್ದರು, ಅಂದರೆ ಗಿರಣಿ. ಇನ್ನೂ ಬೆಳಕು ಹರಿಯುವ ಮುಂಚೆ ಹೆಂಗಸರು ಬಕೆಟ್ಟಿನಲ್ಲಿ ಜೋಳ ಹೊತ್ತು ಸಾಲು ನಿಲ್ಲುವ ಗಿರಣಿಯ ಸದ್ದು. ಒಬ್ಬ ಹುಡುಗನ ಮನೆಯವರು ರಿಯೋ ಗ್ರಾಂಡೆ ನದಿಯ ಹತ್ತಿರದ ಒಂದು ರಾಂಚಿನ, ಅಂದರೆ ದನ ಸಾಕುವ ದೊಡ್ಡ ಜಮೀನಿನ, ಹೆಸರು ಬರೆದು, "ನಾವು ಎಲ್ಲಿಂದಲೂ ಬಂದವರಲ್ಲ, ಟೆಕ್ಸಾಸ್ ಮೆಕ್ಸಿಕೋದಲ್ಲಿದ್ದ ಕಾಲದಿಂದ ಇಲ್ಲೇ ಇದ್ದೇವೆ" ಅಂತ ಸೇರಿಸಿದ್ದರು. ನಾಲ್ಕನೇ ಕ್ಲಾಸಿನಲ್ಲಿ ಇಲ್ಲಿ ಟೆಕ್ಸಾಸ್ ಇತಿಹಾಸವೇ ಪಾಠ. ಆ ಒಂದು ಸಾಲು ನನಗೆ ಎರಡು ದಿನದ ಪಾಠವಾಯಿತು.

ಈಗ ಅಜ್ಜಿಯ ವಿಷಯ. ಒಬ್ಬ ಹುಡುಗಿಯ ಅಜ್ಜಿ ಮೆಕ್ಸಿಕೋದ ಹಳ್ಳಿಯವರು. ಜೋಳದಿಂದ ತೋರ್ತಿಯಾ ಅನ್ನುವ ತೆಳು ರೊಟ್ಟಿಯ ಹಿಟ್ಟು ಹೇಗಾಗುತ್ತದೆ ಅಂತ ತೋರಿಸಲು ಒಪ್ಪಿಕೊಂಡರು. ಇಲ್ಲಿ ಶಾಲೆಯೊಳಗೆ ಹೊರಗಿನವರು ಬರಬೇಕೆಂದರೆ ಮೊದಲೇ ಫಾರ್ಮ್ ತುಂಬಬೇಕು, ಗುರುತಿನ ಚೀಟಿ ತೋರಿಸಬೇಕು. ಯಾವ ಚೀಟಿ ನಡೆಯುತ್ತದೆ ಅಂತ ಆಫೀಸಿನಲ್ಲಿ ಮುಂಚೆಯೇ ಕೇಳಿ ಅವರಿಗೆ ತಿಳಿಸಿದೆ, ಬಾಗಿಲಲ್ಲಿ ನಿಂತು ಅವಮಾನ ಆಗಬಾರದಲ್ವಾ. ಮನೆ ಅಡುಗೆ ತಂದು ಮಕ್ಕಳಿಗೆ ಹಂಚುವುದಕ್ಕೆ ನಮ್ಮ ಶಾಲೆಯಲ್ಲಿ ಬಿಡುವುದಿಲ್ಲ. ಅದಕ್ಕೆ ವಿಜ್ಞಾನದ ಪಾಠ ಅಂತ ಬರೆದು, ಪ್ರತಿ ಮನೆಯಿಂದ ಒಪ್ಪಿಗೆ ಚೀಟಿ ತರಿಸಿ, ಅಲರ್ಜಿ ಇದೆಯಾ ಕೇಳಿ, ಪ್ರಿನ್ಸಿಪಾಲರ ಸಹಿ ಹಾಕಿಸಿದೆ. ಇಷ್ಟಕ್ಕೇ ಎರಡು ವಾರ ಹಿಡಿಯಿತು.

ಅಜ್ಜಿ ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದರು, ಬಿಳಿ ಪುಡಿ. "ಕಾಲ್" ಅಂದರು. ನಾನು ಬಗ್ಗಿ ನೋಡಿದೆ, ಸುಣ್ಣ! ನಮ್ಮಜ್ಜಿ ಎಲೆಗೆ ಹಚ್ಚಿಕೊಳ್ಳುತ್ತಿದ್ದ ಅದೇ ಸುಣ್ಣ. ಒಣ ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿಯಿಡೀ ಬಿಡುತ್ತಾರೆ. ಬಿಸಿಯದೆಲ್ಲ ಮನೆಯಲ್ಲೇ ಮುಗಿಸಿ, ನೆನೆದ ಜೋಳವನ್ನು ಚೆನ್ನಾಗಿ ತೊಳೆದು ಪಾತ್ರೆಯಲ್ಲಿ ತಂದಿದ್ದರು. ಮಕ್ಕಳು ಒಬ್ಬೊಬ್ಬರೂ ಒಂದು ಹಿಡಿ ತಗೊಂಡು ಅಂಗೈಯಲ್ಲಿ ಉಜ್ಜಿದರು. ಕಾಳಿನ ಮೇಲಿನ ಸಿಪ್ಪೆ ಲೋಳೆಯಾಗಿ ಜಾರಿ ಬಂತು. ಹಿದುಕಿದ ಅವರೆ ಮಾಡುವಾಗ ಬೆರಳ ಸಂದಿಯಿಂದ ಬೇಳೆ ಪಟ್ಟನೆ ಹಾರುತ್ತದಲ್ಲ, ನನ್ನ ಕೈಗೆ ಅದೇ ನೆನಪು. ಒಬ್ಬ ಹುಡುಗ ಒಂದು ಕಾಳು ಒಡೆದು ಒಳಗಿನ ಮೊಳಕೆಯ ತುದಿ ನೋಡುತ್ತಾ ಕೂತುಬಿಟ್ಟ.

ಹೀಗೆ ಸುಣ್ಣದಲ್ಲಿ ಬೇಯಿಸಿದ ಜೋಳಕ್ಕೆ ನಿಸ್ತಮಾಲ್ ಅಂತಾರೆ. ಜೋಳದಲ್ಲಿರುವ ನಯಾಸಿನ್ ಅನ್ನುವ ವಿಟಮಿನ್ ಸುಣ್ಣ ಸೋಕದೆ ಮೈಗೆ ಸರಿಯಾಗಿ ಸಿಗುವುದಿಲ್ಲ. ಯುರೋಪಿನವರು ಜೋಳವನ್ನು ತಗೊಂಡು ಹೋದರು, ಸುಣ್ಣದ ಪದ್ಧತಿಯನ್ನು ಬಿಟ್ಟು ಹೋದರು. ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಜೋಳವನ್ನೇ ತಿಂದು ಬದುಕಿದ ಬಡವರಿಗೆ ಪೆಲಾಗ್ರಾ ಅನ್ನುವ ಕಾಯಿಲೆ ಬಂದು ಸಾವಿರಾರು ಜನ ಸತ್ತರು. ಇದನ್ನು ಹೇಳಿದಾಗ ಅಜ್ಜಿಯ ಮೊಮ್ಮಗಳು ಬೆನ್ನು ನೆಟ್ಟಗೆ ಮಾಡಿ ಕೂತಳು. ತನ್ನ ಮನೆಯ ಅಡುಗೆಮನೆಯಲ್ಲಿ ವಿಜ್ಞಾನ ಇದೆ ಅಂತ ಟೀಚರ್ ಬಾಯಿಂದ ಕೇಳುವುದು ಅವಳಿಗೆ ಅದೇ ಮೊದಲು. ಟಾಕೋ ಹಂಚಿದ ವರ್ಷ ಇಂಥದ್ದು ಯಾರ ಮುಖದಲ್ಲೂ ನಾನು ಕಾಣಲಿಲ್ಲ. ಅಜ್ಜಿ ಹೊರಡುವಾಗ ನಿಮ್ಮ ಭಾಷೆಯಲ್ಲಿ ಇದಕ್ಕೇನಂತೀರಿ ಅಂತ ಕೇಳಿದರು. "ಸುಣ್ಣ" ಅಂದೆ. "ಸುನ್ನ, ಸುನ್ನ" ಅಂತ ಎರಡು ಸಲ ಹೇಳಿಕೊಂಡರು.

ಅದೇ ತಿಂಗಳು ಇತಿಹಾಸದ ಪಿರಿಯಡ್‌ನಲ್ಲಿ ಮಾರ್ಫಾ ಊರಿನ ಬ್ಲ್ಯಾಕ್‌ವೆಲ್ ಶಾಲೆಯ ಪಾಠ ಮಾಡಿದೆ. ಪಶ್ಚಿಮ ಟೆಕ್ಸಾಸ್‌ನಲ್ಲಿ ಮೆಕ್ಸಿಕನ್ ಮನೆಗಳ ಮಕ್ಕಳನ್ನು ಬೇರೆಯೇ ಕೂರಿಸುತ್ತಿದ್ದ ಶಾಲೆ ಅದು, 1965ರಲ್ಲಿ ಮುಚ್ಚಿತು. ಅಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಹೊಡೆತ ಬೀಳುತ್ತಿತ್ತು. 1954ರಲ್ಲಿ ಮಕ್ಕಳ ಕೈಯಲ್ಲಿ ಚೀಟಿಗಳ ಮೇಲೆ ಸ್ಪ್ಯಾನಿಷ್ ಮಾತುಗಳನ್ನು ಬರೆಸಿ, ಪೆಟ್ಟಿಗೆಗೆ ಹಾಕಿಸಿ, ಶಾಲೆಯ ಅಂಗಳದಲ್ಲಿ ಹೂಳಿಸಿದರು. ಸ್ಪ್ಯಾನಿಷ್ ಮಹಾಶಯನ ಶವಸಂಸ್ಕಾರ ಅಂತ. 2007ರಲ್ಲಿ ಅಲ್ಲಿ ಓದಿದವರು, ತಲೆ ನರೆತ ಮೇಲೆ, ಮತ್ತೆ ಅಲ್ಲಿ ಸೇರಿ ಆ ಭಾಷೆಯನ್ನು ಮಣ್ಣಿನಿಂದ ಎತ್ತುವ ಸಮಾರಂಭ ಮಾಡಿದರು. ಆ ಕಟ್ಟಡ ಈಗ ರಾಷ್ಟ್ರೀಯ ಐತಿಹಾಸಿಕ ತಾಣ, ಅದಕ್ಕೆ ಕಾನೂನು ಆದದ್ದು 2022ರಲ್ಲಿ.

ಕ್ಲಾಸು ಗಪ್‌ಚುಪ್. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ ಇತ್ತು, ಅದನ್ನು ಹೇಳಿದೆ. ಬಿದ್ದು ಮೊಣಕಾಲು ತರಚಿದಾಗ "ಅಮ್ಮಾ" ಅಂದಿದ್ದಕ್ಕೂ ನನ್ನ ಹೆಸರು ಬರೆದುಕೊಂಡಿದ್ದರು, ಅದನ್ನೂ ಹೇಳಿದೆ. ಆಗ ಒಬ್ಬ ಹುಡುಗ ಕೈಯೆತ್ತಿ, ತನ್ನ ತಾತನಿಗೆ ಶಾಲೆಯಲ್ಲಿ ಹೊಡೆದಿದ್ದರಂತೆ, ಅದಕ್ಕೇ ತಾತ ಅಪ್ಪನಿಗೆ ಸ್ಪ್ಯಾನಿಷ್ ಕಲಿಸಲಿಲ್ಲವಂತೆ, ಅದಕ್ಕೇ ತನಗೂ ಬರುವುದಿಲ್ಲ ಅಂದ. ಮೂರು ತಲೆಮಾರಿನ ಲೆಕ್ಕವನ್ನು ಒಂದೇ ಉಸಿರಿಗೆ ಹೇಳಿ ಕೂತ. ನನಗೆ ಮಾತು ಹೊರಡಲಿಲ್ಲ.

ಮಾರನೇ ದಿನ ಚಪ್ಪಲಿಯ ಖಾಲಿ ಪೆಟ್ಟಿಗೆ ತಂದೆ, ಮುಚ್ಚಳ ಕಿತ್ತು ಹಾಕಿದೆ. ಮನೆಗಳಿಂದ ಬಂದ ಮಾತುಗಳನ್ನು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕಿದೆವು. ದಿನಾ ಬೆಳಗ್ಗೆ ಒಂದು ಮಗು ಒಂದು ಚೀಟಿ ಎತ್ತಬೇಕು, ತಂದವರು ಅರ್ಥ ಹೇಳಬೇಕು. "ಸೋಬ್ರೆಮೇಸಾ", ಊಟ ಮುಗಿದರೂ ಏಳದೆ ಮಾತಾಡುತ್ತಾ ಕೂರುವುದು. "ಎಸ್ತ್ರೆನಾರ್", ಹೊಸ ಬಟ್ಟೆಯನ್ನು ಮೊದಲ ಸಲ ಹಾಕಿಕೊಳ್ಳುವುದು. "ಎಂಪಲಗಾರ್" ಅಂತ ಒಂದು ಬಂತು, ಸಿಹಿ ಜಾಸ್ತಿ ತಿಂದು ಇನ್ನು ಬೇಡ ಅನ್ನಿಸುವುದು. ಇಂಗ್ಲಿಷ್‌ನಲ್ಲಿ ಹೇಳಲು ಮಕ್ಕಳು ಒದ್ದಾಡಿದರು. ನನಗೆ ಒಳಗೊಳಗೇ ಖುಷಿ, ನಾವು "ಮುಖ ಹೊಡೆಯುತ್ತೆ" ಅಂತೀವಲ್ಲ, ಅದೇ. ಸ್ಪ್ಯಾನಿಷ್ ಬಾರದ ಆ ಹುಡುಗ ತಾತನ ಹತ್ತಿರ ಹೋಗಿ ದಿನಕ್ಕೊಂದು ಮಾತು ಕೇಳಿಕೊಂಡು ಬರತೊಡಗಿದ. ಪೆಟ್ಟಿಗೆಯಲ್ಲಿ ಜಾಸ್ತಿ ಚೀಟಿ ಅವನದೇ.

ಇಷ್ಟಾದರೂ ಒಂದು ಕಡೆ ಎಡವಿದೆ. ಗ್ವಾಟೆಮಾಲಾದಿಂದ ಬಂದ ಒಬ್ಬ ಹುಡುಗ ಚೀಟಿಯನ್ನೇ ತರುತ್ತಿರಲಿಲ್ಲ. ನಾಚಿಕೆ ಅಂದುಕೊಂಡಿದ್ದೆ. ಅವನ ಅಮ್ಮ ಶಾಲೆಗೆ ಬಂದಾಗ ಆಫೀಸಿನ ಅಕ್ಕ ಸ್ಪ್ಯಾನಿಷ್‌ನಲ್ಲಿ ಮಾತಾಡಿಸಿದರು, ಆಕೆ ತಡವರಿಸಿದರು. ಆಮೇಲೆ ಗೊತ್ತಾಯಿತು, ಮನೆಯ ಮಾತು ಮಾಮ್, ಅಲ್ಲಿನ ಮೂಲನಿವಾಸಿಗಳ ಮಾಯಾ ಭಾಷೆಗಳಲ್ಲಿ ಒಂದು. ಗ್ವಾಟೆಮಾಲಾದಲ್ಲಿ ಅಂಥ 22 ಮಾಯಾ ಭಾಷೆಗಳಿವೆ. ಕರ್ನಾಟಕದವರೆಲ್ಲ ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ ಅಂತ ಯಾರಾದರೂ ಅಂದರೆ ತುಳು, ಕೊಡವ, ಬ್ಯಾರಿ ಮನೆಯವರು ಏನಂದಾರು? ಗೊತ್ತಿದ್ದೂ ನಾನು ಅದನ್ನೇ ಮಾಡಿದ್ದೆ, ಕಾಗದವನ್ನು ಅವನ ಮನೆಗೂ ಸ್ಪ್ಯಾನಿಷ್‌ನಲ್ಲೇ ಕಳಿಸಿದ್ದೆ. ಅವನ ಅಮ್ಮ ಫೋನಿನಲ್ಲಿ ಒಂದರಿಂದ ಹತ್ತು ಎಣಿಸಿ ಕಳಿಸಿದರು. ಒಂದಕ್ಕೆ "ಹುನ್". ಈಗ ನಮ್ಮ ಕ್ಲಾಸಿನಲ್ಲಿ ಸಾಲು ನಿಲ್ಲುವಾಗ ಮೊದಲು ನಿಂತವರು "ಹುನ್" ಅಂತ ಶುರು ಮಾಡುತ್ತಾರೆ. ಶಾಲೆಗೆ ಬರಲು ಆಗದ, ಇಷ್ಟ ಇಲ್ಲದ ಎಲ್ಲ ಮನೆಗೂ ನಾನು ಈಗ ಇದನ್ನೇ ಹೇಳುತ್ತೇನೆ, ಧ್ವನಿ ಕಳಿಸಿ ಸಾಕು, ಮುಖ ಬೇಡ.

ಅಕ್ಟೋಬರ್ 15ಕ್ಕೆ ಪಡಸಾಲೆಯ ಬಾವುಟಗಳನ್ನು ಇಳಿಸಿದರು. ನಮ್ಮ ಪೆಟ್ಟಿಗೆ ಮೇ ತಿಂಗಳ ಕೊನೆಯವರೆಗೂ ಮೇಜಿನ ಮೇಲೇ ಇತ್ತು.

ಎರಡು ವರ್ಷವೂ ಅಪ್ಪಂದಿರು ಹೆಚ್ಚಾಗಿ ಬರಲಿಲ್ಲ. ಹಲವರದು ಮನೆ ಕಟ್ಟುವ ಕೆಲಸ, ಸೂರು ಹಾಕುವ ಕೆಲಸ. ಟೆಕ್ಸಾಸ್ ಬಿಸಿಲಿಗೆ ಹೆದರಿ ಕತ್ತಲಲ್ಲೇ ಹೊರಟುಬಿಡುತ್ತಾರೆ. ಅದಕ್ಕೆ ಈ ಆಗಸ್ಟ್‌ನಲ್ಲಿ ನಾಲ್ಕನೇ ಪ್ರಶ್ನೆ ಸೇರಿಸಿದೆ: ಅಪ್ಪನ ಕೆಲಸದ ಚೀಲದಲ್ಲಿರುವ ಒಂದು ಸಾಮಾನಿನ ಹೆಸರು ಹೇಳಿ, ಅದನ್ನು ಹೇಗೆ ಬಳಸುತ್ತಾರೆ ಅವರ ಬಾಯಲ್ಲೇ ಹೇಳಿಸಿ. ಮೊದಲು ಬಂದದ್ದು "ನಿವೆಲ್". ಹಿಂದೆ ವ್ಯಾನಿನ ಸದ್ದು, ಮುಂದೆ ಒಬ್ಬ ಅಪ್ಪನ ನಿಧಾನದ ಮಾತು, ಹಸಿರು ನೀರಿನೊಳಗಿನ ಗುಳ್ಳೆ ಎರಡು ಗೆರೆಯ ನಡುವೆ ನಿಂತರೆ ಗೋಡೆ ಸರಿಯಿದೆ ಅಂತ. ನಮ್ಮೂರಿನ ಗಾರೆ ಕೆಲಸದವರು ರಸಮಟ್ಟ ಅಂತಾರೆ. ಮಗ ಆ ಧ್ವನಿಯನ್ನು ಕ್ಲಾಸಿನಲ್ಲಿ ಮೂರು ಸಲ ಹಾಕಿಸಿದ.