ಹಳೆಯ ಕಾರಿಗೆ ಕೈಯಲ್ಲೇ ಮಾಡಿದ ಎಲ್‌ಇಡಿ ಟೇಲ್ ಲೈಟ್: ಉಪ್ಪುಗಾಳಿಗೆ ತಾಳುವಂತೆ ಮಾಡುವುದು ಹೇಗೆ?

ಮಾರುತಿ 800 ಮತ್ತು ಅಂಬಾಸಡರ್ ಕಾರುಗಳ ತಯಾರಿಕೆ 2014ರಲ್ಲೇ ನಿಂತಿದ್ದರೂ, ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಶಿರಸಿ, ಸಿದ್ದಾಪುರದ ಅಡಿಕೆ ಸೀಮೆಯಲ್ಲೂ ಅವು ಇನ್ನೂ ಓಡಾಡುತ್ತಿವೆ. ಎಂಜಿನ್ನಿಗೆ ಕೈ ಹಾಕುವ ಮೆಕ್ಯಾನಿಕ್‌ಗಳು ಇಲ್ಲಿ ಸಿಗುತ್ತಾರೆ. ಬೇಗ ಕೈಕೊಡುವುದು ಹಿಂಬದಿಯ ದೀಪ. ಒಳಗಿನ ಬೆಳ್ಳಿ ಲೇಪ ಸಿಪ್ಪೆಯಂತೆ ಏಳುತ್ತದೆ, ಬಲ್ಬಿನ ಹೋಲ್ಡರಿನ ಹಿತ್ತಾಳೆಗೆ ಹಸಿರು ಕಿಲುಬು ಕಟ್ಟುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಬ್ರೇಕ್ ಲೈಟ್ ಯಾವುದು, ಟೇಲ್ ಲೈಟ್ ಯಾವುದು ಎಂಬುದು ಹಿಂದೆ ಬರುವ ಲಾರಿಯ ಚಾಲಕನಿಗೆ ತಿಳಿಯದಂತಾಗುತ್ತದೆ.

ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬನ್ನು ಹಳೆಯ ಹೋಲ್ಡರಿಗೆ ಸಿಕ್ಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಹಳೆಯ ರಿಫ್ಲೆಕ್ಟರಿನ ಬಾಗು ತಂತಿಯ ಬಲ್ಬಿನ ಒಂದು ನಿರ್ದಿಷ್ಟ ಬಿಂದುವಿಗೆ ಹೊಂದಿಕೊಂಡಿರುತ್ತದೆ. ಬೆಳಕು ಬೇರೆ ಜಾಗದಿಂದ ಹೊರಟರೆ ಗಾಜಿನ ಮೇಲೆ ನಡುವೆ ಒಂದು ಚುಕ್ಕೆ ಬೆಳಗಿ ಅಂಚುಗಳು ಕತ್ತಲಾಗುತ್ತವೆ. ಮೇಲಾಗಿ ಕಿಲುಬು ಹಿಡಿದ ಹೋಲ್ಡರ್ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹೊರಗಿನ ಕೆಂಪು ಗಾಜನ್ನೂ ಡಬ್ಬಿಯನ್ನೂ ಉಳಿಸಿಕೊಂಡು, ಒಳಗೆ ಎಲ್‌ಇಡಿಗಳ ಹೊಸ ಬೋರ್ಡನ್ನು ಕೂರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ತಂತಿಯ ಬಲ್ಬು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ತೆಗೆದುಕೊಂಡರೆ, ಎಲ್‌ಇಡಿ ಒತ್ತಿದ ಕ್ಷಣಕ್ಕೇ ಬೆಳಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದೆ ಬರುತ್ತಿರುವ ವಾಹನ ಅಷ್ಟರಲ್ಲಿ ಮೂರು ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಇದು ಸಣ್ಣ ಅಂತರವಲ್ಲ.

ಮೊದಲು ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೈಯಲ್ಲಿ ಮಾಡಿದ ದೀಪಕ್ಕೆ ಪರೀಕ್ಷಾ ಸಂಸ್ಥೆಯ ಮುದ್ರೆಯೂ ಇರುವುದಿಲ್ಲ. ಹದಿನೈದು ವರ್ಷ ದಾಟಿದ ಕಾರು ನೋಂದಣಿ ನವೀಕರಣಕ್ಕೆ ಹೋದಾಗ ದೀಪಗಳನ್ನು ಪರಿಶೀಲಿಸುತ್ತಾರಾದ್ದರಿಂದ, ಕೆಲಸಕ್ಕೆ ಕೈಹಾಕುವ ಮುನ್ನ ಕಾರವಾರದ ಕೆಎ 30 ಆಗಲಿ, ಶಿರಸಿಯ ಕೆಎ 31 ಆಗಲಿ, ತಮ್ಮ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಕಚೇರಿಯ ಉತ್ತರ ಏನೇ ಇರಲಿ, ಗಾಜಿನ ಬಣ್ಣ ಬದಲಿಸಬಾರದು, ಕಪ್ಪು ಹಾಳೆ ಅಂಟಿಸಬಾರದು, ಹೆಡ್‌ಲೈಟ್ ಬಿದ್ದಾಗ ತಾನೇ ಹೊಳೆಯುವ ಕೆಂಪು ಪ್ರತಿಫಲಕದ ಭಾಗವನ್ನು ಮುಟ್ಟಬಾರದು. ಹಳೆಯ ಹೋಲ್ಡರುಗಳನ್ನು ಎಸೆಯದೆ ಎತ್ತಿಡಿ.

ಬಿಚ್ಚುವುದು ಮತ್ತು ತೊಳೆಯುವುದು

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಕಳಚಿ. ಅನೇಕ ಹಳೆಯ ಕಾರುಗಳಲ್ಲಿ ಗಾಜನ್ನು ಸ್ಕ್ರೂಗಳು ಮತ್ತು ರಬ್ಬರ್ ಪಟ್ಟಿ ಹಿಡಿದಿರುತ್ತವೆ. ತುಕ್ಕು ಹಿಡಿದ ಸ್ಕ್ರೂಗೆ ಬಲ ಹಾಕಿದರೆ ಗಾಜಿನ ಕಿವಿ ಒಡೆಯುತ್ತದೆಯಾದ್ದರಿಂದ, ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂಬದಿಯಿಂದ ನಟ್ಟಿಗೆ ಮಾತ್ರ ಹನಿಸಿ ಒಂದು ರಾತ್ರಿ ಬಿಡಬೇಕು. ಗಾಜು ಎಂದು ನಾವು ಕರೆಯುವುದು ಹೆಚ್ಚಾಗಿ ಅಕ್ರಿಲಿಕ್ ಪ್ಲಾಸ್ಟಿಕ್. ಅದನ್ನು ಪೆಟ್ರೋಲ್ ಅಥವಾ ತಿನ್ನರ್‌ನಿಂದ ಒರೆಸಿದರೆ ಆಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಸಾಬೂನಿನ ನೀರೇ ಸಾಕು. ಮಂಕಾಗಿದ್ದರೆ ಹೊರಮೈಯನ್ನು 1000 ಮತ್ತು 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕುತ್ತ ಉಜ್ಜಿ ಪಾಲಿಶ್ ಮಾಡಬಹುದು.

ಬೋರ್ಡು ಮತ್ತು ಎಲ್‌ಇಡಿಯ ಆಯ್ಕೆ

ಡಬ್ಬಿಯೊಳಗೆ ದಪ್ಪ ರಟ್ಟನ್ನು ಇಟ್ಟು, ಗಾಜು ಮುಚ್ಚಿದಾಗ ಎಲ್ಲಿಯೂ ತಾಗದಂತೆ ಕತ್ತರಿಸಿಕೊಳ್ಳಿ. ಕೆಂಪು, ಹಳದಿ, ಬಿಳಿ ಭಾಗಗಳ ಗೆರೆಗಳನ್ನು ರಟ್ಟಿನ ಮೇಲೆ ಗುರುತಿಸಿ, ಅದೇ ಆಕಾರವನ್ನು ತೂತುಗಳಿರುವ ಸಾಮಾನ್ಯ ಸರ್ಕ್ಯೂಟ್ ಬೋರ್ಡಿನಲ್ಲಿ ಗರಗಸದಿಂದ ತೆಗೆಯಿರಿ. ಅಗ್ಗದ ಕಂದು ಬೋರ್ಡು ಕಾಗದ ಮತ್ತು ರಾಳದಿಂದ ಮಾಡಿದ್ದು, ನಮ್ಮ ಮಳೆಗಾಲದ ತೇವವನ್ನು ಹೀರಿಕೊಳ್ಳುತ್ತದೆ. ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದಾಗ ಹಸಿರು ಬಣ್ಣದ ಗ್ಲಾಸ್ ಎಪಾಕ್ಸಿ ಬೋರ್ಡನ್ನೇ ಕೇಳಿ ತನ್ನಿ.

ಎಲ್‌ಇಡಿಗಳಲ್ಲಿ ನಾಲ್ಕು ಕಾಲಿನ, ಚೌಕಾಕಾರದ ಸೂಪರ್‌ಫ್ಲಕ್ಸ್ ಮಾದರಿ ಈ ಕೆಲಸಕ್ಕೆ ಅನುಕೂಲ. ಅವುಗಳ ಕಾಲುಗಳ ನಡುವಿನ ಅಂತರ 5.08 ಮಿ.ಮೀ., ಅಂದರೆ ಬೋರ್ಡಿನ ತೂತುಗಳ 2.54 ಮಿ.ಮೀ. ಅಂತರದ ಸರಿಯಾಗಿ ಎರಡರಷ್ಟು. ಹೊಸ ತೂತು ಕೊರೆಯಬೇಕಿಲ್ಲ. ಎರಡು ಕಾಲಿನ 5 ಮಿ.ಮೀ. ಎಲ್‌ಇಡಿಗಳಲ್ಲಿ ಬೆಳಕು ಕಿರಿದಾದ ಕೋನದಲ್ಲಿ ನೇರ ಹೋಗುವಂಥವೇ ಹೆಚ್ಚು, ಹೀಗಾಗಿ ಪಕ್ಕದಿಂದ ನೋಡಿದವರಿಗೆ ದೀಪ ಆರಿದಂತೆ ಕಾಣುತ್ತದೆ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ, ಇಂಡಿಕೇಟರಿನ ಹಳದಿ ಗಾಜಿನ ಹಿಂದೆ ಹಳದಿಯನ್ನೇ ಹಾಕಬೇಕು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚು, ಕೆಂಪಿನ ಅಂಶ ಕಡಿಮೆ. ಕೆಂಪು ಗಾಜು ಅದರ ಬಹುಪಾಲನ್ನು ತಡೆದು, ಉಳಿದದ್ದನ್ನು ಪೇಲವ ಬಣ್ಣದಲ್ಲಿ ಹೊರಬಿಡುತ್ತದೆ.

ಲೆಕ್ಕ: ನಾಲ್ಕರ ಸಾಲು

ಕಾರಿನ ವಿದ್ಯುತ್ತನ್ನು 12 ವೋಲ್ಟ್ ಎಂದು ಹೇಳುವುದು ರೂಢಿ. ಆದರೆ ಪೂರ್ತಿ ಚಾರ್ಜಾದ ಬ್ಯಾಟರಿಯಲ್ಲಿ 12.6 ವೋಲ್ಟ್ ಇರುತ್ತದೆ, ಎಂಜಿನ್ ಓಡುವಾಗ ಅದು 13.8ರಿಂದ 14.4ಕ್ಕೆ ಏರುತ್ತದೆ. ಕೆಂಪು ಎಲ್‌ಇಡಿಯೊಂದು ಸುಮಾರು 2.1 ವೋಲ್ಟ್ ಬಳಸಿಕೊಳ್ಳುತ್ತದೆ. ಒಂದರ ಹಿಂದೆ ಒಂದರಂತೆ ನಾಲ್ಕನ್ನು ಜೋಡಿಸಿದರೆ 8.4 ವೋಲ್ಟ್, ಮುಂದೆ ಹೇಳಲಿರುವ ಡಯೋಡಿಗೆ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) 0.7 ವೋಲ್ಟ್, 14.4ರಲ್ಲಿ ಉಳಿಯುವುದು 5.3 ವೋಲ್ಟ್. ಪ್ರತಿ ಸಾಲಿಗೂ 270 ಓಮ್‌ನ ಕಾಲು ವ್ಯಾಟ್ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ಬಿಡಿಭಾಗ; ಕೆಂಪು, ನೇರಳೆ, ಕಂದು ಪಟ್ಟಿಗಳದ್ದು) ಹಾಕಿದರೆ ಸಾಲಿನಲ್ಲಿ ಹರಿಯುವ ಕರೆಂಟು 20 ಮಿಲಿಆಂಪಿಗಿಂತ ತುಸು ಕಡಿಮೆ ಇರುತ್ತದೆ. ಈ ಬಗೆಯ ಎಲ್‌ಇಡಿಗಳಿಗೆ ಅದು ಕ್ಷೇಮದ ಮಿತಿ.

ಐದನ್ನು ಒಂದೇ ಸಾಲಿಗೆ ಹಾಕಿ ರೆಸಿಸ್ಟರ್ ಉಳಿಸೋಣ ಎಂಬ ಆಸೆ ಹುಟ್ಟುವುದು ಸಹಜ. ಹಾಗೆ ಮಾಡಿದರೆ 14.4 ವೋಲ್ಟಿನಲ್ಲಿ 20 ಮಿಲಿಆಂಪ್ ಹರಿಯುವ ಸಾಲಿನಲ್ಲಿ, ಬ್ಯಾಟರಿ 12 ವೋಲ್ಟಿಗೆ ಇಳಿದಾಗ ಬರೀ 5 ಮಿಲಿಆಂಪ್ ಹರಿಯುತ್ತದೆ. ನಾಲ್ಕರ ಸಾಲಿನಲ್ಲಾದರೆ ಅದೇ ಸ್ಥಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಹಳೆಯ ಕಾರಿನ ಡೈನಮೋ, ಆಲ್ಟರ್ನೇಟರ್‌ಗಳ ಮೇಲೆ ಅಷ್ಟು ನಂಬಿಕೆ ಇಡಲಾಗದು. ರಾತ್ರಿ ವೈಪರ್, ಹೆಡ್‌ಲೈಟ್ ಎಲ್ಲವೂ ಓಡುವಾಗ ವೋಲ್ಟೇಜ್ ಕುಸಿಯುವುದೂ, ಬ್ರೇಕ್ ಲೈಟ್ ಸ್ಪಷ್ಟವಾಗಿ ಕಾಣಬೇಕಾದದ್ದೂ ಒಂದೇ ಹೊತ್ತಿಗೆ. ಎಲ್ಲ ಎಲ್‌ಇಡಿಗಳನ್ನೂ ಸಮಾಂತರವಾಗಿ ಜೋಡಿಸಿ ಒಂದೇ ದಪ್ಪ ರೆಸಿಸ್ಟರಿನಿಂದ ನಡೆಸುವ ಪದ್ಧತಿಯಂತೂ ಬೇಡವೇ ಬೇಡ. ಒಂದು ಎಲ್‌ಇಡಿ ಉಳಿದವುಗಳಿಗಿಂತ ಹೆಚ್ಚು ಕರೆಂಟು ಎಳೆದು ಮೊದಲು ಸಾಯುತ್ತದೆ, ಅದರ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. ಹತ್ತು ಸಾಲುಗಳ, ಅಂದರೆ ನಲವತ್ತು ಎಲ್‌ಇಡಿಗಳ ಬೋರ್ಡು ಒಂದು ಬದಿಗೆ ಸಾಕಾಗುತ್ತದೆ. 21 ವ್ಯಾಟಿನ ಬಲ್ಬಿನ ಜಾಗದಲ್ಲಿ ಇದು 3 ವ್ಯಾಟನ್ನೂ ಬಳಸುವುದಿಲ್ಲ.

ಒಂದೇ ಬೋರ್ಡಿನಲ್ಲಿ ಎರಡು ಬೆಳಕು

ಹಳೆಯ 21/5 ವ್ಯಾಟಿನ ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ: ಸಣ್ಣದು ಟೇಲ್ ಲೈಟಿಗೆ, ದೊಡ್ಡದು ಬ್ರೇಕಿಗೆ. ಎಲ್‌ಇಡಿ ಬೋರ್ಡಿನಲ್ಲಿ ಅದೇ ನಲವತ್ತು ಎಲ್‌ಇಡಿಗಳು ಎರಡೂ ಕೆಲಸ ಮಾಡಬೇಕು, ಮತ್ತು ಬ್ರೇಕಿನ ಬೆಳಕು ಟೇಲ್ ಲೈಟಿಗಿಂತ ಕನಿಷ್ಠ ಐದು ಪಟ್ಟು ಪ್ರಖರವಾಗಿರಬೇಕು. ಮನೆಯಲ್ಲಿ ಮಾಡಿದ ದೀಪಗಳಲ್ಲಿ ಬಹುತೇಕ ಸೋಲುವುದು ಇಲ್ಲಿಯೇ: ಟೇಲ್ ಲೈಟು ಝಗಝಗಿಸುತ್ತಿರುತ್ತದೆ, ಬ್ರೇಕ್ ಒತ್ತಿದರೆ ವ್ಯತ್ಯಾಸವೇ ಕಾಣುವುದಿಲ್ಲ.

ಹತ್ತೂ ಸಾಲುಗಳ ಪಾಸಿಟಿವ್ ತುದಿಗಳನ್ನು ಒಂದೆಡೆ ಕೂಡಿಸಿ. ಬ್ರೇಕಿನ ತಂತಿಯನ್ನು ಒಂದು 1ಎನ್4007 ಡಯೋಡಿನ ಮೂಲಕ ನೇರವಾಗಿ ಆ ಕೂಡುಬಿಂದುವಿಗೆ ತನ್ನಿ. ಟೇಲ್ ಲೈಟಿನ ತಂತಿಯನ್ನು ಇನ್ನೊಂದು 1ಎನ್4007 ಮತ್ತು 180 ಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್ (ಕಂದು, ಬೂದು, ಕಂದು) ಮೂಲಕ ಅದೇ ಬಿಂದುವಿಗೆ ತನ್ನಿ. ಡಯೋಡಿನ ಬೆಳ್ಳಿ ಪಟ್ಟಿ ಎರಡೂ ಕಡೆ ಎಲ್‌ಇಡಿಗಳತ್ತ ಇರಬೇಕು. 13.8 ವೋಲ್ಟಿನಲ್ಲಿ ಟೇಲ್ ಲೈಟಿನ ಕರೆಂಟು ಇಡೀ ಬೋರ್ಡಿಗೆ 28 ಮಿಲಿಆಂಪಿನ ಆಸುಪಾಸು, ಬ್ರೇಕಿನದು 170ರ ಆಸುಪಾಸು. ಸುಮಾರು ಆರು ಪಟ್ಟು. ಡಯೋಡ್ ಇಲ್ಲದೆ ಜೋಡಿಸಿದರೆ ಬ್ರೇಕ್ ಒತ್ತಿದಾಗ ಕರೆಂಟು ಟೇಲ್ ಲೈಟಿನ ತಂತಿಯಲ್ಲಿ ಹಿಮ್ಮುಖವಾಗಿ ಹರಿದು, ಹಗಲಿನಲ್ಲೂ ನಂಬರ್ ಪ್ಲೇಟಿನ ದೀಪ, ಮೀಟರಿನ ದೀಪ ಮಿಣುಕುತ್ತವೆ. ಬ್ಯಾಟರಿ ಟರ್ಮಿನಲ್ ಸಡಿಲಾಗಿ ಕಾರು ಓಡುತ್ತಿರುವಾಗ ವೋಲ್ಟೇಜ್ ಹಠಾತ್ತನೆ ಜಿಗಿಯುವ ಅಪಾಯವೂ ಇರುವುದರಿಂದ, ಕೂಡುಬಿಂದುವಿನಿಂದ ಅರ್ಥಿಗೆ (ಕಾರಿನ ಲೋಹದ ಮೈಗೆ) ಅಂಥ ಜಿಗಿತವನ್ನು ತಡೆಯುವ 24 ವೋಲ್ಟಿನ ಟಿವಿಎಸ್ ಡಯೋಡ್ ಒಂದನ್ನು ಹಾಕುವುದು ಅಗ್ಗದ ಜಾಗ್ರತೆ.

ಬೆಸುಗೆ

25 ವ್ಯಾಟಿನ ಸೋಲ್ಡರಿಂಗ್ ಐರನ್, 60/40 ಸೀಸದ ತಂತಿ, ಬೆಸುಗೆ ಚೆನ್ನಾಗಿ ಹಿಡಿಯಲು ರಾಳದ ಫ್ಲಕ್ಸ್ ಸಾಕು. ತಗಡಿಗೆ ಬೆಸೆಯುವ ಆಮ್ಲದ ಪೇಸ್ಟನ್ನು ಬೋರ್ಡಿನ ಹತ್ತಿರ ತರಬೇಡಿ, ಅದು ತಾಮ್ರವನ್ನು ತಿನ್ನುತ್ತ ಹೋಗುತ್ತದೆ. ಪ್ರತಿ ಎಲ್‌ಇಡಿಯ ಪಾಸಿಟಿವ್ ಕಾಲನ್ನು ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ ಪರೀಕ್ಷಿಸಿಯೇ ಕೂರಿಸಿ, ಒಂದು ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ಕೊಡದೆ ಬೆಸೆಯಿರಿ. ಒಂದೊಂದು ಸಾಲು ಮುಗಿದ ಹಾಗೆ 12 ವೋಲ್ಟಿನ ಬ್ಯಾಟರಿಗೆ, ನಡುವೆ 1 ಆಂಪಿನ ಫ್ಯೂಸ್ ಹಾಕಿ, ಜೋಡಿಸಿ ನೋಡುತ್ತ ಹೋದರೆ ಕೊನೆಯಲ್ಲಿ ತಪ್ಪು ಹುಡುಕುವ ಕಷ್ಟ ಇರುವುದಿಲ್ಲ. ಬೋರ್ಡು ಮುಗಿದಾಗ ನಿಂತ ಕಾರಿನ ಬ್ಯಾಟರಿಯಲ್ಲಿ ಬ್ರೇಕಿನ ಕರೆಂಟು 130 ಮಿಲಿಆಂಪಿನ ಸುತ್ತ, ಟೇಲಿನದು ಇಪ್ಪತ್ತರ ಮೇಲೆ ತುಸು ಬಂದರೆ ಲೆಕ್ಕ ಸರಿಯಾಗಿದೆ.

ಉಪ್ಪು, ತೇವ, ಕಿಲುಬು

ಬಯಲುಸೀಮೆಯಲ್ಲಿ ಇಷ್ಟಕ್ಕೇ ದೀಪವನ್ನು ಮುಚ್ಚಿಬಿಡಬಹುದಿತ್ತು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ದೀಪದ ಆಯಸ್ಸನ್ನು ನಿರ್ಧರಿಸುವುದು ಈ ಹಂತವೇ.

ಬೋರ್ಡಿನ ಮೇಲಿನ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದು ಪೂರ್ತಿ ಒಣಗಿಸಿ. ಎಲ್‌ಇಡಿಗಳ ಮೂತಿಗೆ ಟೇಪು ಅಂಟಿಸಿ, ಬೋರ್ಡಿನ ಎರಡೂ ಮೈಗೆ ಸರ್ಕ್ಯೂಟ್ ಬೋರ್ಡಿಗೆಂದೇ ಬರುವ ಅಕ್ರಿಲಿಕ್ ಲ್ಯಾಕರನ್ನು ಎರಡು ತೆಳು ಪದರಗಳಲ್ಲಿ ಸಿಂಪಡಿಸಿ. ತಂತಿ ಹೊರಬರುವ ಜಾಗಕ್ಕೆ ಸಿಲಿಕೋನ್ ಹಾಕುವಾಗ ಒಂದು ಎಚ್ಚರಿಕೆ ಅಗತ್ಯ: ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸಿಲಿಕೋನ್ ಒಣಗುವಾಗ ವಿನಿಗರಿನ ಹುಳಿ ವಾಸನೆ ಬಿಡುತ್ತದೆ, ಆ ಆಮ್ಲವೇ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಟ್ಯೂಬಿನ ಮೇಲೆ ಬರೆದಿರುವುದನ್ನೇ ಕೊಳ್ಳಬೇಕು. ಸಿಕ್ಕಿದರೆ ದೋಣಿಗಳಿಗೆ ಬಳಸುವ, ತವರದ ಲೇಪವಿರುವ ತಾಮ್ರದ ತಂತಿಯನ್ನು ತನ್ನಿ. ತಂತಿಯ ಪ್ರತಿ ಜೋಡಣೆಗೂ ಒಳಗೆ ಅಂಟಿನ ಪದರವಿರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ.

ಗಾಜಿಗೆ ಹೊಸ ರಬ್ಬರ್ ಪಟ್ಟಿ ಬೇಕು, ಆದರೆ ಡಬ್ಬಿಯನ್ನು ಪೂರ್ತಿ ಬಂದ್ ಮಾಡಲು ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರಿನ ಮೇಲೆ ಮಳೆ ಬಿದ್ದಾಗ ಒಳಗಿನ ಗಾಳಿ ತಣಿದು, ಎಷ್ಟೇ ಬಿಗಿಯಾದ ಸಂದಿಯಿಂದಲೂ ತೇವವನ್ನು ಒಳಗೆಳೆದುಕೊಳ್ಳುತ್ತದೆ. ಒಳಬಂದ ನೀರು ಹೊರಹೋಗಲು ಡಬ್ಬಿಯ ತೀರ ಕೆಳಗಿನ ಜಾಗದಲ್ಲಿ 3 ಮಿ.ಮೀ. ತೂತು ಇರಲಿ. ಕಂಪನಿಯೇ ಕೊಟ್ಟ ತೂತಿದ್ದರೆ ಅದನ್ನು ಮುಚ್ಚಬೇಡಿ.

ಅರ್ಥಿಂಗ್ ಕೂಡ ಇದೇ ಕಥೆ. ಹಳೆಯ ಕಾರುಗಳಲ್ಲಿ ದೀಪದ ಡಬ್ಬಿ ಕಾರಿನ ಲೋಹದ ಮೈಗೆ ತಾಗಿಯೇ ಅರ್ಥ್ ಪಡೆಯುತ್ತದೆ, ತಗಡಿಗೆ ತುಕ್ಕು ಹಿಡಿದಂತೆ ಆ ಸಂಪರ್ಕ ಸಾಯುತ್ತದೆ. ಬೋರ್ಡಿನಿಂದ ಪ್ರತ್ಯೇಕ ಕಪ್ಪು ತಂತಿಯನ್ನು ಡಿಕ್ಕಿಯೊಳಗಿನ ಗಟ್ಟಿ ಬೋಲ್ಟಿಗೆ ಒಯ್ದು, ಬಣ್ಣ ಕೆರೆದು ಬಿಗಿದು, ಮೇಲೆ ಗ್ರೀಸ್ ಸವರಿ.

ಇಂಡಿಕೇಟರ್ ಮಿಣುಕದಿದ್ದರೆ

ಇಂಡಿಕೇಟರಿಗೂ ಎಲ್‌ಇಡಿ ಹಾಕುವುದಾದರೆ ಹಳದಿಯ ಲೆಕ್ಕ ಕೆಂಪಿನದೇ; ಒಂದೇ ತಂತಿ, ಒಂದೇ ಡಯೋಡ್. ಆದರೆ ಇಂಡಿಕೇಟರನ್ನು ಮಿಣುಕಿಸುವ ಹಳೆಯ ಥರ್ಮಲ್ ಫ್ಲಾಷರ್, ಬಲ್ಬುಗಳ ಕರೆಂಟಿನಿಂದಲೇ ಬಿಸಿಯಾಗಿ ಮಿಣುಕುವಂಥದ್ದು. ಎಲ್‌ಇಡಿಯ ಚೂರು ಕರೆಂಟು ಅದನ್ನು ಬಿಸಿ ಮಾಡಲಾರದೆ ದೀಪ ಮಿಣುಕದೇ ನಿಂತುಬಿಡುತ್ತದೆ. ಇದಕ್ಕೆ 6 ಓಮ್‌ನ ದಪ್ಪ ರೆಸಿಸ್ಟರನ್ನು ಸಮಾಂತರವಾಗಿ ಹಾಕುವ ಉಪಾಯ ಹೇಳುವವರಿದ್ದಾರೆ. ಅದು ಮಿಣುಕಿದಾಗಲೆಲ್ಲ 30 ವ್ಯಾಟಿಗೂ ಹೆಚ್ಚು ಶಾಖ ಬಿಟ್ಟು ಪಕ್ಕದ ಪ್ಲಾಸ್ಟಿಕ್ಕನ್ನೂ ತಂತಿಯನ್ನೂ ಕರಗಿಸಬಲ್ಲದು. ಎಲ್‌ಇಡಿಗೆಂದೇ ಬರುವ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿ, ಅದರ ಅರ್ಥ್ ತಂತಿಯನ್ನು ಮರೆಯದೆ ಜೋಡಿಸಿ. ಡ್ಯಾಶ್‌ಬೋರ್ಡಿನಲ್ಲಿ ಎಡ, ಬಲ ಎರಡಕ್ಕೂ ಒಂದೇ ಸೂಚಕ ದೀಪವಿರುವ ಕಾರುಗಳಲ್ಲಿ ನಾಲ್ಕು ಮೂಲೆಯೂ ಒಟ್ಟಿಗೆ ಮಿಣುಕಬಹುದು, ಏಕೆಂದರೆ ಆ ದೀಪ ಎದುರು ಬದಿಯ ಬಲ್ಬಿನ ಮೂಲಕ ಅರ್ಥ್ ಪಡೆಯುತ್ತಿರುತ್ತದೆ. ಸೂಚಕ ದೀಪದ ಒಂದು ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿ, ಇನ್ನೊಂದಕ್ಕೆ ಎಡ ಬಲ ತಂತಿಗಳನ್ನು ಒಂದೊಂದು ಡಯೋಡಿನ ಮೂಲಕ ತಂದರೆ ಇದು ಸರಿಹೋಗುತ್ತದೆ.

ಪರೀಕ್ಷೆ

ಕತ್ತಲಲ್ಲಿ ಯಾವ ದೀಪವೂ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಮಧ್ಯಾಹ್ನ ಹನ್ನೆರಡರ ಬಿಸಿಲು ನೇರ ಗಾಜಿನ ಮೇಲೆ ಬೀಳುವಂತೆ ಕಾರು ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಒಬ್ಬರನ್ನು ಬ್ರೇಕಿನ ಮೇಲೆ ಕೂರಿಸಿ, ಐವತ್ತು ಹೆಜ್ಜೆ ಹಿಂದೆ ನಿಂತು ಮೊದಲು ನೇರವಾಗಿ, ನಂತರ ಎರಡೂ ಪಕ್ಕಕ್ಕೆ ಸರಿದು ನೋಡಿ. ಟೇಲ್ ಲೈಟ್ ಹೊತ್ತಿರುವಾಗಲೇ ಬ್ರೇಕ್ ಒತ್ತಿಸಿ ವ್ಯತ್ಯಾಸ ಗಮನಿಸಿ. ಬ್ರೇಕ್ ಮಂಕಾಗಿ ತೋರಿದರೆ 270 ಓಮ್ ರೆಸಿಸ್ಟರುಗಳನ್ನು ಇಳಿಸಬೇಡಿ, ಎಲ್‌ಇಡಿಗಳು ಬೇಗ ಸುಟ್ಟುಹೋಗುತ್ತವೆ. ಬೋರ್ಡಿನಲ್ಲಿ ಜಾಗವಿದ್ದರೆ ಇನ್ನೆರಡು ಸಾಲು ಸೇರಿಸಿ. ವ್ಯತ್ಯಾಸ ಸಾಲದೆ ಹೋದರೆ 180 ಓಮ್ ಜಾಗಕ್ಕೆ 220 ಓಮ್ ಹಾಕಿ ಟೇಲ್ ಲೈಟನ್ನು ತಗ್ಗಿಸಿ. ಆಮೇಲೆ ಪೈಪಿನಿಂದ ಹತ್ತು ನಿಮಿಷ ನೀರು ಹೊಡೆದು, ಮರುದಿನ ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಹನಿಗಳಿವೆಯೇ ನೋಡಿ. ಹನಿಗಳಿದ್ದರೆ ರಬ್ಬರ್ ಪಟ್ಟಿಯ ಮೇಲಂಚನ್ನು ಮೊದಲು ಸಂಶಯಿಸಿ.