ಶಿವರಾತ್ರಿಯಿಂದ ಬಂಡಿ ಹಬ್ಬದ ತನಕ: ನಮ್ಮ ಜಿಲ್ಲೆಯ ಪಟ್ಟಿ ನಾನು ಮಾಡೋದು ಹೀಗೆ

ಜನವರಿ ಮುಗಿಯುತ್ತಿದ್ದಂತೆ ನಮ್ಮ ಮನೆಗೆ ಫೋನ್ ಬರಲು ಶುರು. ಬೆಂಗಳೂರಿನ ಭಾವ, ಹುಬ್ಬಳ್ಳಿಯ ಚಿಕ್ಕಮ್ಮ, ಅವರ ಪೈಕಿ ಇನ್ನೊಬ್ಬರು. ಎಲ್ಲರದೂ ಒಂದೇ ಪ್ರಶ್ನೆ: "ಈ ಸಲ ಯಾವಾಗ ಬಂದ್ರೆ ಏನು ನೋಡ್ಲಿಕ್ಕೆ ಸಿಗ್ತದೆ?" ನಾನಿರುವುದು ಉತ್ತರ ಕನ್ನಡ ಜಿಲ್ಲೆಯ ಕುಮಟಾದಲ್ಲಿ. ಘಟ್ಟ ಹತ್ತಿದರೆ ಶಿರಸಿ, ಕರಾವಳಿ ಗುಂಟ ಹೋದರೆ ಗೋಕರ್ಣ, ಅಂಕೋಲಾ, ಕಾರವಾರ. ಹಾಗಾಗಿ ಹಬ್ಬ, ಜಾತ್ರೆಗಳ ಪಟ್ಟಿ ಮಾಡುವ ಕೆಲಸ ನನ್ನ ತಲೆಗೇ ಬಂತು.

ಪಟ್ಟಿಗೆ ನಾನು ಮೊದಲು ನೋಡುವುದು ಮೊಬೈಲ್ ಅಲ್ಲ, ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್. ಇಲ್ಲಿಯ ಹೆಚ್ಚಿನ ಹಬ್ಬ ತಾರೀಕಿನ ಮೇಲೆ ನಡೆಯುವುದಿಲ್ಲ, ತಿಥಿಯ ಮೇಲೆ ನಡೆಯುತ್ತವೆ. ಶಿವರಾತ್ರಿ, ಹೋಳಿ ಹುಣ್ಣಿಮೆ, ಯುಗಾದಿ, ಬುದ್ಧ ಪೂರ್ಣಿಮೆ. ಈ ನಾಲ್ಕಕ್ಕೆ ಪೆನ್ನಿನಲ್ಲಿ ಗುರುತು ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ಶಿವರಾತ್ರಿಯಾದ ಸುಮಾರು ಎರಡು ವಾರಕ್ಕೆ ಹೋಳಿ, ಅದಾದ ಎರಡು ವಾರಕ್ಕೆ ಯುಗಾದಿ. ಅಧಿಕ ಮಾಸ ಬಂತು ಅಂದರೆ ಮರುವರ್ಷ ಎಲ್ಲವೂ ಎರಡೂವರೆ ವಾರದಷ್ಟು ಮುಂದೆ ಹೋಗುತ್ತವೆ. "ಹೋದ ವರ್ಷ ಫೆಬ್ರವರಿಯಲ್ಲೇ ಇತ್ತಲ್ಲ" ಎಂದು ರಜೆ ಹಾಕಿ ಬರುವವರಿಗೆ ಇದನ್ನೇ ಮೊದಲು ಹೇಳುತ್ತೇನೆ.

ಆಮೇಲೆ ಒಂದು ಪ್ರಶ್ನೆ: ಇದು ಸಮಸಂಖ್ಯೆಯ ವರ್ಷವೋ, ಬೆಸವೋ? ಶಿರಸಿಗೆ ಹೋಗುವುದಾದರೆ ಇದು ಗೊತ್ತಿರಲೇಬೇಕು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಆಯಿತು, 2024ರಲ್ಲಿ ಮಾರ್ಚ್ 19ಕ್ಕೆ ಶುರುವಾಯಿತು. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷದ ಕುಣಿತ. ಎರಡೂ ಒಂದೇ ವರ್ಷ ಸಿಗುವುದಿಲ್ಲ.

ಜಾತ್ರೆ ಮಂಗಳವಾರ ರಾತ್ರಿ ದೇವಿಯ ಕಲ್ಯಾಣದಿಂದ ಶುರು. ಬುಧವಾರ ಬೆಳಿಗ್ಗೆ ರಥ ಹೊರಟು ಬಿಡ್ಕಿಬೈಲಿನ ಗದ್ದುಗೆಗೆ ಬರುತ್ತದೆ. ಗುರುವಾರದಿಂದ ಉಡಿ, ಹಣ್ಣುಕಾಯಿ ಸೇವೆ. ರಥ ನೋಡಲೇಬೇಕು ಅನ್ನುವವರಿಗೆ ಬುಧವಾರ ಬಿಟ್ಟು ದಾರಿಯಿಲ್ಲ, ನೂಕುನುಗ್ಗಲು ತಾಳಿಕೊಳ್ಳಬೇಕು. ನಮ್ಮ ಚಿಕ್ಕಮ್ಮನಂಥ ಮಂಡಿನೋವಿನವರನ್ನು ನಾನು ಮುಂದಿನ ಸೋಮವಾರದ ಹೊತ್ತಿಗೆ ಕರೆದುಕೊಂಡು ಹೋಗುತ್ತೇನೆ, ಅದೂ ಬೆಳಗಿನ ಜಾವ. ಸಾಲು ಸಣ್ಣದಿರುತ್ತದೆ. ಮಕ್ಕಳಿಗೆ ಮಾತ್ರ ಸಂಜೆಯೇ ಆಗಬೇಕು. ತೊಟ್ಟಿಲು, ಬಳೆ ಪೇಟೆ, ಬೆಂಡು ಬತ್ತಾಸು, ನಾಟಕದ ಮೈಕು ಎಲ್ಲ ದೀಪ ಹತ್ತಿದ ಮೇಲೆಯೇ ಚಂದ, ಅಲ್ವಾ? ಇನ್ನೊಂದು ಮಾತು ಹೊರಗಿನವರಿಗೆ ಗೊತ್ತಿರುವುದಿಲ್ಲ. ಜಾತ್ರೆ ಮುಗಿದ ಮೇಲೆ ಯುಗಾದಿಯ ತನಕ ದೇವಸ್ಥಾನದಲ್ಲಿ ದೇವಿಯ ದರ್ಶನ ಇಲ್ಲ. ಯುಗಾದಿಯಂದು ಮತ್ತೆ ಪ್ರತಿಷ್ಠೆ. "ಜಾತ್ರೆ ಗದ್ದಲ ಬೇಡ, ಮುಗಿದ ಮೇಲೆ ಆರಾಮಾಗಿ ಬರ್ತೇವೆ" ಅಂದರೆ ಬರಿಗೈಯಲ್ಲಿ ಹೋಗಬೇಕಾಗುತ್ತದೆ.

ನನ್ನನ್ನು ಕೇಳಿದರೆ ಬೇಡರ ವೇಷದ ವರ್ಷವೇ ಹೆಚ್ಚು ಇಷ್ಟ. ಸೋಂದೆ ಅರಸರ ಕಾಲದಲ್ಲಿ ಊರ ಕಾವಲಿಗೆ ಇಟ್ಟ ಮಲ್ಲೇಶಿ ಎಂಬ ಬೇಡ ಊರಿಗೇ ಉಪದ್ರವ ಆದನಂತೆ. ಅವನನ್ನು ಮದುವೆಯಾದ ರುದ್ರಾಂಬಿಕೆ ಹೋಳಿಯ ಹೊತ್ತಿಗೆ ಅವನ ಕಣ್ಣು ಕೆಡಿಸಿ ಊರವರ ಕೈಗೆ ಸಿಗುವಂತೆ ಮಾಡಿದಳು ಅನ್ನುವುದು ಜನ ಹೇಳುವ ಕಥೆ. ಕಥೆ ತಿಳಿದು ನೋಡಿದರೆ ವೇಷದ ಒಂದೊಂದು ಅಂಗವೂ ಅರ್ಥವಾಗುತ್ತದೆ. ಬೆನ್ನಿಗೆ ಅಗಲವಾಗಿ ಬಿಚ್ಚಿದ ನವಿಲುಗರಿ, ಮುಖಕ್ಕೆ ಬಣ್ಣ, ದಪ್ಪ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದೆ ಇಬ್ಬರು ಹಿಡಿದಿರುತ್ತಾರೆ. ಹಲಿಗೆಯ ಬಡಿತ ಜೋರಾದ ಹಾಗೆ ವೇಷ ಹಾಕಿದವನು ಮುಂದೆ ನುಗ್ಗುತ್ತಾನೆ, ಹಗ್ಗ ಬಿಗಿಯುತ್ತದೆ, ಹಿಡಿದವರ ಕಾಲು ಜಾರುತ್ತದೆ, ಮುಂದಿದ್ದ ಜನ ಹೋ ಎಂದು ಹಿಂದೆ ಸರಿಯುತ್ತಾರೆ. ಹೋಳಿಗೆ ಮುಂಚಿನ ಕೆಲವು ರಾತ್ರಿ ಇದು ನಡೆಯುತ್ತದೆ. ಒಂದೊಂದು ಕೇರಿಯಿಂದ ಒಂದೊಂದು ತಂಡ. ಮಧ್ಯಾಹ್ನ ಒಂದು ನಿದ್ದೆ ತೆಗೆದು, ರಾತ್ರಿ ಊಟ ಮಾಡಿ ಹೋಗಬೇಕು. ಸಣ್ಣ ಮಕ್ಕಳನ್ನು ತೀರಾ ಮುಂದೆ ನಿಲ್ಲಿಸಬೇಡಿ, ಹೆದರುತ್ತಾರೆ. ನಾನು ಮೂಲೆಯ ಅಂಗಡಿ ಕಟ್ಟೆ ಹಿಡಿಯುತ್ತೇನೆ. ಅಲ್ಲಿ ನಿಂತರೆ ಒಂದಾದ ಮೇಲೊಂದು ತಂಡ ತಾನೇ ಬರುತ್ತದೆ, ಹುಡುಕಿಕೊಂಡು ಓಡಬೇಕಾಗಿಲ್ಲ.

ಅದೇ ಹೊತ್ತಿಗೆ ಕೆಳಗೆ ಅಂಕೋಲಾ, ಕುಮಟಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ಇದಕ್ಕೆ ಪೋಸ್ಟರ್ ಇಲ್ಲ, ಟಿಕೆಟ್ ಇಲ್ಲ. ನಮ್ಮ ಸಂತೆಗೆ ಬಸಳೆ, ಗೆಣಸು ತರುವ ಹಾಲಕ್ಕಿ ಅಜ್ಜಿಯೊಬ್ಬರಿದ್ದಾರೆ. ಶಿವರಾತ್ರಿ ಕಳೆದ ಮೇಲೆ ಅವರನ್ನೇ ಕೇಳುತ್ತೇನೆ.

"ಅಮ್ಮಾ, ಈ ಸಲ ನಿಮ್ಮೂರಲ್ಲಿ ಸುಗ್ಗಿ ಕಟ್ತಾರಾ?"

"ಕಟ್ತ್ರು. ಹುಣ್ಣಿಮಿಗೆ ಮುಂಚೆ ಬಾ. ಹುಣ್ಣಿಮಿ ದಿನ ಬಂದ್ರೆ ಏನ್ ನೋಡ್ತೆ?"

ಇದಕ್ಕಿಂತ ಖಾತ್ರಿ ಸುದ್ದಿ ಎಲ್ಲೂ ಸಿಗದು. ಎಲ್ಲ ಊರಲ್ಲೂ ಪ್ರತಿ ವರ್ಷ ಸುಗ್ಗಿ ಏಳುವುದಿಲ್ಲ, ಹಾಗಾಗಿ ಕೇಳಿಯೇ ಹೋಗಬೇಕು. ತಂಡದವರು ತಲೆಗೆ ಬೆಂಡು, ಬಣ್ಣದ ಕಾಗದದ ಹೂವಿನಿಂದ ಮಾಡಿದ ತುರಾಯಿ ಕಟ್ಟಿ, ಮನೆಯಿಂದ ಮನೆಗೆ ಹೋಗಿ ಅಂಗಳದಲ್ಲಿ ಕುಣಿಯುತ್ತಾರೆ. ಮನೆಯವರು ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಕುಣಿತದ ಹಿಂದೆ ಗುಮಟೆ. ಅದನ್ನು ಒಮ್ಮೆ ಹತ್ತಿರ ನಿಂತು ನೋಡಿ. ಮಣ್ಣಿನ ಮಡಕೆ, ಅಗಲ ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ತುದಿಯ ಸಣ್ಣ ಬಾಯಿ ತೆರೆದೇ ಇರುತ್ತದೆ. ಒಂದು ಕೈ ಚರ್ಮ ಬಾರಿಸುತ್ತದೆ, ಇನ್ನೊಂದು ಅಂಗೈ ಆ ಸಣ್ಣ ಬಾಯಿಯನ್ನು ಮುಚ್ಚಿ ತೆಗೆಯುತ್ತಾ ದನಿಯನ್ನು ಏರಿಳಿಸುತ್ತದೆ. ತುರಾಯಿ ಮುಟ್ಟಿ ಸೆಲ್ಫಿ ಕೇಳಬೇಡಿ ಎಂದು ನಮ್ಮವರಿಗೆ ಮೊದಲೇ ಹೇಳಿರುತ್ತೇನೆ. ಅವರಿಗದು ವ್ರತ. ಅಂಗಳಕ್ಕೆ ಹೋಗುವ ಮುಂಚೆ ಮನೆಯ ಯಜಮಾನರಿಗೆ "ಗೌಡ್ರೇ, ನೋಡಬಹುದಾ?" ಎಂದು ಕೇಳಿದರೆ ಸಾಕು, ಬೇಡ ಅಂದವರನ್ನು ನಾನು ಕಂಡಿಲ್ಲ. ಮೊದಲೆಲ್ಲ ಹಾಲಕ್ಕಿ ಹಾಡು ಕೇಳಬೇಕೆಂದವರು ಅಂಕೋಲೆಯ ಬಡಗೇರಿಗೆ, ಸುಕ್ರಿ ಬೊಮ್ಮಗೌಡರ ಮನೆಗೆ ಹೋಗುತ್ತಿದ್ದರು. 2017ರಲ್ಲಿ ಪದ್ಮಶ್ರೀ ಬಂದಿತ್ತು ಅವರಿಗೆ. 2025ರ ಫೆಬ್ರವರಿಯಲ್ಲಿ ತೀರಿಹೋದರು.

ಶಿವರಾತ್ರಿಗೆ ಎಲ್ಲಿಗೆ ಅಂದರೆ ಹಳೆಯ ಮಾತೇ ಇದೆಯಲ್ಲ, ರೊಕ್ಕ ಇದ್ದವ ಗೋಕರ್ಣಕ್ಕೆ, ಸೊಕ್ಕು ಇದ್ದವ ಯಾಣಕ್ಕೆ. ಈಗ ಯಾಣದ ಹತ್ತಿರದ ತನಕ ರಸ್ತೆ ಇದೆ, ಸೊಕ್ಕು ಅಷ್ಟೇನೂ ಬೇಡ. 120 ಮೀಟರ್ ಎತ್ತರದ ಕಪ್ಪು ಬಂಡೆಯ ಬುಡದಲ್ಲಿ ಭೈರವೇಶ್ವರ, ಮೇಲಿನಿಂದ ನೀರು ತಾನೇ ಹನಿಯುತ್ತಿರುತ್ತದೆ. ಗೋಕರ್ಣಕ್ಕಾದರೆ ಶಿವರಾತ್ರಿಯ ದಿನ ಬಿಟ್ಟು, ಆಮೇಲೆ ನಡೆಯುವ ಮಹಾರಥೋತ್ಸವಕ್ಕೆ ಹೋಗಿ. ರಥಬೀದಿ ಇಕ್ಕಟ್ಟು, ರಥ ದೊಡ್ಡದು, ಜನ ಬಾಳೆಹಣ್ಣು ಎಸೆಯುತ್ತಾರೆ. ಒಳ್ಳೆ ಬಟ್ಟೆ ಹಾಕಬೇಡಿ. ಕಾರು ತರುವುದೂ ಬೇಡ. ಮಾದನಗೇರಿಯ ತನಕ ಯಾವ ಬಸ್ಸಾದರೂ ಸರಿ, ಅಲ್ಲಿಂದ ಟೆಂಪೋ ಸಿಗುತ್ತದೆ.

ಆಲೆಮನೆ ಹಬ್ಬಗಳಿಗೆ ಶಿರಸಿ, ಸಿದ್ದಾಪುರ ಕಡೆಯ ಬಸ್ ಸ್ಟ್ಯಾಂಡಿನ ಗೋಡೆ ನೋಡಿದರೆ ಆಯಿತು. ಸಂಕ್ರಾಂತಿ ಕಳೆದ ಮೇಲೆ ಶಾಲೆಗೆಂದೋ, ಯುವಕ ಮಂಡಳಕ್ಕೆಂದೋ, ದೇವಸ್ಥಾನಕ್ಕೆಂದೋ ಯಾರಾದರೂ ಮಾಡುತ್ತಲೇ ಇರುತ್ತಾರೆ. ಕಬ್ಬಿನ ಹಾಲು, ಮಂಡಕ್ಕಿ, ಮಿರ್ಚಿ ಬಜ್ಜಿ, ನೊರೆಬೆಲ್ಲ. ನಾನು ಮಾತ್ರ ತೊಡದೇವು ಮಾಡುವ ಒಲೆಯ ಹತ್ತಿರವೇ ಕೂರುವವಳು. ಬೋರಲು ಹಾಕಿದ ಮಡಕೆ ಬಿಸಿಯಾಗಿರುತ್ತದೆ. ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟಿನಲ್ಲಿ ಬಟ್ಟೆ ಅದ್ದಿ ಒಂದೇ ಸಲ ಎಳೆಯುತ್ತಾರೆ. ಎರಡು ಗಳಿಗೆಯಲ್ಲಿ ಅಂಚು ಏಳುತ್ತದೆ, ಕಾಗದದಷ್ಟು ತೆಳ್ಳಗೆ ಬಿಡಿಸಿ ತುಪ್ಪ ಸವರಿ ಮಡಚುತ್ತಾರೆ. ಪ್ಯಾಕೆಟ್ಟಿನದು ತಿಂದವರಿಗೆ ಈ ಬಿಸಿ ಮೆದು ತೊಡದೇವಿನ ರುಚಿ ಗೊತ್ತೇ ಇರುವುದಿಲ್ಲ.

ಬನವಾಸಿಯ ಕದಂಬೋತ್ಸವ, ಕಾರವಾರದ ಕರಾವಳಿ ಉತ್ಸವ ಇವೆಲ್ಲ ಸರ್ಕಾರದವು. ದಿನ ಪ್ರಕಟವಾಗುವ ತನಕ ಪಟ್ಟಿಯಲ್ಲಿ ಪೆನ್ಸಿಲ್ಲಿನಲ್ಲೇ ಇರಲಿ. ಸುಮ್ನೆ ಅದನ್ನು ನಂಬಿ ರೈಲು ಟಿಕೆಟ್ ಮಾಡಿಸಬೇಡಿ. ಬನವಾಸಿಯ ಮಧುಕೇಶ್ವರನ ಗುಡಿ ಉತ್ಸವ ಇಲ್ಲದ ದಿನವೇ ನೋಡಲು ಚಂದ ಅನ್ನುವುದು ಬೇರೆ ಮಾತು.

ಒಂದು ವಾರದ ರಜೆಗೆ ಘಟ್ಟದ ಮೇಲೆ ಒಂದು, ಕೆಳಗೆ ಒಂದು. ಅದಕ್ಕಿಂತ ಜಾಸ್ತಿ ಇಟ್ಟರೆ ದೇವಿಮನೆ ಘಟ್ಟದ ತಿರುವುಗಳಲ್ಲೇ ರಜೆ ಮುಗಿಯುತ್ತದೆ. ಯುಗಾದಿಯಿಂದ ಆಚೆ ಕರಾವಳಿಯಲ್ಲಿ ಬೆವರು ಇಳಿಯುತ್ತದೆ. ಸಂಜೆ ನಾಲ್ಕಕ್ಕೆ ಮುಂಚೆ ನಾನು ಯಾರನ್ನೂ ಹೊರಗೆ ಕರೆದೊಯ್ಯುವುದಿಲ್ಲ. ಮಧ್ಯಾಹ್ನ ಮುರುಗಲು ಶರಬತ್ತು ಕುಡಿದು ಮಲಗಿದರಾಯಿತು.

2027ಕ್ಕೆ ಭಾವನಿಗೆ ಕೊಟ್ಟಿರುವ ಚೀಟಿ ಇದು: ಶಿವರಾತ್ರಿ ಮಾರ್ಚ್ 6, ಹೋಳಿ ಹುಣ್ಣಿಮೆ ಮಾರ್ಚ್ 22, ಯುಗಾದಿ ಏಪ್ರಿಲ್ 7. ಬೆಸ ವರ್ಷ, ಹಾಗಾಗಿ ಬೇಡರ ವೇಷ. ಮಾರ್ಚಿಗೆ ರಜೆ ಸಿಗದಿದ್ದರೆ ಬುದ್ಧ ಪೂರ್ಣಿಮೆಗೆ, ಅಂದರೆ ಮೇ 20ಕ್ಕೆ, ಅಂಕೋಲೆಯ ಶಾಂತಾದುರ್ಗಾ ದೇವಿಯ ಬಂಡಿ ಹಬ್ಬ. ಅಷ್ಟು ಹೊತ್ತಿಗೆ ಕರಿ ಇಶಾಡ ಮಾವು ಬಂದಿರುತ್ತದೆ, 2023ರಲ್ಲಿ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಸಿಕ್ಕಿದ್ದು. ರಸ್ತೆ ಬದಿ ಬುಟ್ಟಿ ಇಟ್ಟು ಕೂತ ಹೆಂಗಸರ ಹತ್ತಿರವೇ ಕೊಳ್ಳಿ. ಸಿಪ್ಪೆ ತೆಳು, ಹೆಚ್ಚು ದಿನ ತಡೆಯುವುದಿಲ್ಲ, ಬೆಂಗಳೂರಿಗೆ ಒಯ್ಯುವುದಾದರೆ ಸ್ವಲ್ಪ ಗಟ್ಟಿ ಇದ್ದದ್ದೇ ಆರಿಸಿ.