ಬೀಟ್ ಕಟ್ಟಲು ಪ್ಯಾಡ್ ಯಂತ್ರವೋ, ಸಾಫ್ಟ್‌ವೇರೋ?

ಬೀಟ್, ಅಂದರೆ ಹಾಡಿನ ತಾಳದ ಟ್ರ್ಯಾಕ್, ಮಾಡುವ ಹುಚ್ಚು ಹತ್ತಿದವರ ಕಣ್ಣು ಮೊದಲು ಹೋಗುವುದು ಬೆರಳಲ್ಲಿ ತಟ್ಟಿ ಸದ್ದು ನುಡಿಸುವ ಹದಿನಾರು ಪ್ಯಾಡ್‌ಗಳ ಪೆಟ್ಟಿಗೆಯ ಕಡೆಗೆ. 1988ರಲ್ಲಿ ಬಂದ ಅಕಾಯ್ ಎಂಪಿಸಿ60ರಿಂದ ಹಿಪ್‌ಹಾಪ್‌ಗೆ ಅದೇ ಗುರುತು. ಕೊಳ್ಳುವ ಮುನ್ನ ಕೆಲವು ವಾರ ತಡೆಯಿರಿ. ಲ್ಯಾಪ್‌ಟಾಪ್ ಇದ್ದವರು ಸಾಫ್ಟ್‌ವೇರ್‌ನಿಂದಲೇ ಶುರು ಮಾಡುವುದು ಮೇಲು.

ಮೊದಲು ಬೀಟ್ ಕಟ್ಟುವ ಪ್ರೋಗ್ರಾಮ್. ಎಂಟು ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಆರಂಭಕ್ಕೆ ಧಾರಾಳ. ಮ್ಯಾಕ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತ. ವಿಂಡೋಸ್‌ನಲ್ಲಿ ರೀಪರ್ 60 ದಿನ ಪರೀಕ್ಷೆಗೆ ಸಿಗುತ್ತದೆ. ಎಫ್‌ಎಲ್ ಸ್ಟುಡಿಯೋದ ಟ್ರಯಲ್‌ನಲ್ಲಿ ಒಂದು ತೊಡಕುಂಟು: ಸೇವ್ ಮಾಡಿದ ಪ್ರಾಜೆಕ್ಟನ್ನು ದುಡ್ಡು ಕೊಡುವ ತನಕ ಮತ್ತೆ ತೆರೆಯಲಾಗದು. ಕೂತ ಪಟ್ಟಿಗೆ ಮುಗಿಸಿ, ವೇವ್ ಫೈಲ್ ತೆಗೆದಿಟ್ಟುಕೊಳ್ಳಿ.

ಎರಡನೆಯದು ವಿಳಂಬ. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ. ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬಂದರೆ ನಿಮ್ಮ ಲಯ ಕೆಟ್ಟಿದೆ ಅಂತಲ್ಲ, ಬಫರ್ (ಸದ್ದನ್ನು ಹೊರಬಿಡುವ ಮುನ್ನ ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ಜಾಗ) ದೊಡ್ಡದಿದೆ ಅಂತ. 44,100 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಸದ್ದಿನ 44,100 ಅಳತೆ (ಸ್ಯಾಂಪಲ್) ಇರುವಾಗ, 1024 ಸ್ಯಾಂಪಲ್ ಬಫರ್ ಎಂದರೆ ಸುಮಾರು 23 ಮಿಲಿಸೆಕೆಂಡ್. 256ಕ್ಕೆ ಇಳಿಸಿದರೆ ಆರರೊಳಗೆ ಬರುತ್ತದೆ. ವಿಂಡೋಸ್‌ನಲ್ಲಿ ವಿಳಂಬ ತಗ್ಗಿಸುವ ಆಸಿಯೋ (ASIO) ಡ್ರೈವರ್ ಆರಿಸಿ, 256ರಲ್ಲಿ ನುಡಿಸಿ. ಸದ್ದು ಚಟಚಟ ಅಂದರೆ ಪ್ರೊಸೆಸರ್‌ಗೆ ಉಸಿರು ಸಾಲುತ್ತಿಲ್ಲ, 512ಕ್ಕೆ ಏರಿಸಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ತಾಳದೇಟಿನ ವೇಗದಲ್ಲಿ, ಒಂದು ಏಟಿನ ಕಾಲುಭಾಗ 167 ಮಿಲಿಸೆಕೆಂಡ್. ಬ್ಲೂಟೂತ್ ಎಷ್ಟೋ ಸಲ ಅಷ್ಟನ್ನೇ ನುಂಗಿಹಾಕುತ್ತದೆ. ಸಾದಾ ವೈರ್ ಹೆಡ್‌ಫೋನೇ ಸರಿ.

ಮೂರನೆಯದು, ಹತ್ತು ಬೀಟ್ ಮಾಡಿ ಮುಗಿಸಿ. ಅರ್ಧಕ್ಕೆ ಬಿಟ್ಟವು ಲೆಕ್ಕಕ್ಕಿಲ್ಲ. ಒಂದೊಂದೂ ಎರಡು ನಿಮಿಷವಾದರೂ ಓಡಬೇಕು. ಕಿಕ್, ಸ್ನೇರ್‌ನಂಥ ಡ್ರಮ್ ಸದ್ದು ಇಂಟರ್‌ನೆಟ್‌ನಿಂದಲೇ ಬರಬೇಕೆಂದಿಲ್ಲ. ಊರಿನ ತಮಟೆಯನ್ನು ಫೋನಿನಲ್ಲೇ ರೆಕಾರ್ಡ್ ಮಾಡಬಹುದು. ಎರಡು ಮೀಟರ್ ಹಿಂದೆ ನಿಲ್ಲಿ, ಹತ್ತಿರ ಹಿಡಿದರೆ ಏಟಿನ ಮೊದಲ ಸದ್ದೇ ಒಡೆದುಹೋಗುತ್ತದೆ. ಒಟ್ಟು ಸದ್ದಿನ ಮಟ್ಟ ತೋರಿಸುವ ಮಾಸ್ಟರ್ ಮೀಟರ್ ಮೈನಸ್ ಆರು ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ.

ಈಗ ಎಲ್ಲಿ ತೊಡಕಾಯಿತು ಅಂತ ನೋಡಿ. ಮೌಸಿನಲ್ಲಿ ಒಂದೊಂದೇ ಏಟು ಇಟ್ಟು ಬೇಸರವಾಗಿದ್ದರೆ ಬೇಕಿರುವುದು ಕಂಪ್ಯೂಟರಿಗೆ ಜೋಡಿಸಿ ತಟ್ಟುವ ಮಿಡಿ ಪ್ಯಾಡ್ ಅಷ್ಟೇ. ಅಕಾಯ್ ಎಂಪಿಕೆ ಮಿನಿಯಲ್ಲಿ 25 ಕೀಲಿ, ಎಂಟು ಪ್ಯಾಡ್ ಇವೆ. ಆರಂಭಕ್ಕೆ ಅಷ್ಟು ಸಾಕು. ಇಂಥ ಕಂಟ್ರೋಲರ್ ಸಾಮಾನ್ಯವಾಗಿ ತಾನೇ ಸದ್ದು ಮಾಡುವುದಿಲ್ಲ, ಕಂಪ್ಯೂಟರಿಗೆ ಆಜ್ಞೆ ಕಳಿಸುತ್ತದೆ. ಇದು ತಿಳಿಯದೆ ತಂದು, ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯುವವರಿದ್ದಾರೆ. ಹೆಸರೂ ದಾರಿ ತಪ್ಪಿಸುತ್ತದೆ: ಎಂಪಿಸಿ ಒನ್ ಒಂಟಿಯಾಗಿ ದುಡಿಯುತ್ತದೆ, ಎಂಪಿಸಿ ಸ್ಟುಡಿಯೋಗೆ ಕಂಪ್ಯೂಟರ್ ಬೇಕೇಬೇಕು.

‘ಹಳೆ ಯಂತ್ರದ ಸದ್ದು ಬೇಕು’ ಅನ್ನುವವರಿಗೆ ಒಂದು ಪ್ರಯೋಗ. 1987ರ ಇ-ಮು ಎಸ್‌ಪಿ-1200 ಎಂಬ ಬೀಟ್ ಯಂತ್ರದಲ್ಲಿ ಹಿಡಿಸುತ್ತಿದ್ದುದು ಒಟ್ಟು ಹತ್ತೇ ಸೆಕೆಂಡಿನ ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿದ ಸದ್ದಿನ ತುಣುಕು. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತು ತಿರುಗುವ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಂಡು, ಯಂತ್ರದೊಳಗೆ ಮತ್ತೆ ನಿಧಾನ ಮಾಡುತ್ತಿದ್ದರು. ಆ ಒರಟುತನ ಹುಟ್ಟಿದ್ದು ಹಾಗೆ. ಸಾಫ್ಟ್‌ವೇರ್‌ನಲ್ಲಿ ಸ್ಯಾಂಪಲ್ಲಿನ ವೇಗವನ್ನೂ ಶ್ರುತಿಯನ್ನೂ ಒಟ್ಟಿಗೆ ಐದು ಸೆಮಿಟೋನ್ (ಅರ್ಧ ಸ್ವರ) ಏರಿಸಿ. ಸದ್ದನ್ನು ಒರಟು ಮಾಡುವ ಬಿಟ್‌ಕ್ರಷರ್ ಅನ್ನು 12 ಬಿಟ್, 26 ಕಿಲೋಹರ್ಟ್ಸ್‌ಗೆ ಇಟ್ಟು ಹೊಸ ಫೈಲಾಗಿ ತೆಗೆಯಿರಿ. ಬಳಿಕ ಐದು ಸೆಮಿಟೋನ್ ಇಳಿಸಿ. ಟೈಮ್ ಸ್ಟ್ರೆಚ್ (ಶ್ರುತಿ ಬದಲಾದರೂ ವೇಗ ಹಾಗೇ ಉಳಿಸುವ ಸೌಲಭ್ಯ) ಆಫ್ ಇರಬೇಕು, ಇಲ್ಲದಿದ್ದರೆ ಮಜಾ ಬರುವುದಿಲ್ಲ. ಇಷ್ಟರಿಂದ ಕಿವಿ ತಣಿದರೆ ಯಂತ್ರದ ದುಡ್ಡು ಉಳಿಯಿತು.

ಸದ್ದಿನ ಕೊರತೆಯಲ್ಲ, ಪರದೆಯೇ ಶತ್ರು, ಪ್ಲಗಿನ್ (ಪ್ರೋಗ್ರಾಮಿಗೆ ಸೇರಿಸುವ ಸದ್ದು, ಎಫೆಕ್ಟ್‌ಗಳು) ಹುಡುಕುತ್ತಲೇ ಸಂಜೆ ಕಳೆಯುತ್ತದೆ ಅನ್ನುವವರಿಗೆ ಯಂತ್ರ ನಿಜಕ್ಕೂ ಒಗ್ಗುತ್ತದೆ. ರೋಲ್ಯಾಂಡ್ ಎಸ್‌ಪಿ-404 ಎಂಕೆ2 ಎಂಬ ಪ್ಯಾಡ್ ಯಂತ್ರ ಆರು ಎಎ ಬ್ಯಾಟರಿಯಲ್ಲೂ ಓಡುತ್ತದೆ, ಬಸ್ಸಿನಲ್ಲೂ ಕೆಲಸ ಸಾಗುತ್ತದೆ. ಬೆಲೆಗೆ ಎಸ್‌ಡಿ ಕಾರ್ಡು, ಕೇಬಲ್ಲುಗಳ ಖರ್ಚನ್ನೂ ಸೇರಿಸಿಕೊಳ್ಳಿ. ಹಾಡು ಹಲವು ಟ್ರ್ಯಾಕ್‌ಗಳಾಗಿ ಬೆಳೆದರೆ ಕೊನೆಯ ಮಿಕ್ಸಿಂಗಿಗೆ ಹೆಚ್ಚಿನವರು ಕಂಪ್ಯೂಟರಿಗೇ ಬರುತ್ತಾರೆ.

ಸೆಕೆಂಡ್ ಹ್ಯಾಂಡ್ ಆದರೆ ಹದಿನಾರೂ ಪ್ಯಾಡ್‌ಗಳನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ತಟ್ಟಿ. ಒಂದೇ ಏಟಿಗೆ ಎರಡು ಸಲ ಸದ್ದು ಬಂದರೆ ಪ್ಯಾಡಿನ ಸೆನ್ಸರ್ ಸವೆದಿರಬಹುದು. ನಾಬ್ ತಿರುಗಿಸುವಾಗ ಕರಕರ ಅಂದರೆ ಒಳಗೆ ಧೂಳಿರಬಹುದು, ಕ್ಲೀನರ್ ಸ್ಪ್ರೇಗೆ ಬಹುತೇಕ ಸರಿಹೋಗುತ್ತದೆ. ಹೆಡ್‌ಫೋನ್ ಜ್ಯಾಕನ್ನು ಅಲುಗಾಡಿಸಿದಾಗ ಒಂದು ಕಿವಿಯ ಸದ್ದು ಹೋದರೆ ಮಾತ್ರ ರಿಪೇರಿ ಖರ್ಚು ಕಳೆದು ದರ ಮಾತಾಡಿ.